ಪೆರಂಬೂರಿನ ವಸಂತ ಮತ್ತು ಹಿತ್ತಿಲ ಬಿತ್ತನೆ



ಯುಗಾದಿಯು ಸಮೀಪಿಸುತ್ತಿರುವ ಈ ದಿನಗಳಲ್ಲಿ, ಮದರಾಸಿನ ಪೆರಂಬೂರಿನ ಕನ್ನಡ ಕುಟುಂಬಗಳು ತಮ್ಮ ಹಿತ್ತಿಲಿನಲ್ಲಿಯೂ ತಾರಸಿಯ ಕುಂಡಗಳಲ್ಲಿಯೂ ಬೆಳೆದ ಕಾಯಿಪಲ್ಯಗಳನ್ನು ಒಂದೆಡೆ ಸೇರಿಸಿ ಏರ್ಪಡಿಸಿರುವ ಈ ಪ್ರದರ್ಶನವನ್ನು ಉದ್ಘಾಟಿಸುವ ಗೌರವವನ್ನು ನನಗಿತ್ತಿದ್ದಕ್ಕಾಗಿ ತಮಗೆ ಕೃತಜ್ಞನಾಗಿದ್ದೇನೆ. 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದ ರೈಲುಬೋಗಿಗಳ ಕಾರ್ಖಾನೆಯಿಂದ ದೇಶವಿಖ್ಯಾತವಾದ ಈ ಸ್ಥಳದಲ್ಲಿ, ಅಂಗೈಯಗಲದ ಮಣ್ಣನ್ನೂ ಬರಿದಾಗಿ ಬಿಡದೆ ಸಲಹಿದ ಗೃಹಿಣಿಯರ ಶ್ರಮವು ನನಗೆ ಅತ್ಯಂತ ಆದರಣೀಯವಾಗಿ ತೋರುತ್ತದೆ.

ನಮ್ಮಲ್ಲಿ ಬಹುಮಂದಿ ಊರಿನಿಂದ ಬರುವಾಗ ಬೀಜದ ಪೊಟ್ಟಣಗಳೊಡನೆ ಬಿತ್ತನೆಯ ಪಂಚಾಂಗವನ್ನೂ ತಂದವರು. ಬೆಂಗಳೂರೂ ಮದರಾಸೂ ಸುಮಾರಾಗಿ 13ನೆಯ ಅಕ್ಷಾಂಶದ ಮೇಲೆಯೇ ಇರುವುವಾದರೂ, ಅದು ಕಡಲಮಟ್ಟಕ್ಕಿಂತ 900 ಮೀಟರುಗಳಿಗೂ ಮೇಲೆ, ಇದು ಕಡಲಿನ ಮಗ್ಗುಲಲ್ಲಿ; ಅಲ್ಲಿ ಚೈತ್ರ ವೈಶಾಖಗಳಲ್ಲಿ ಗುಡುಗುಸಹಿತವಾದ ಮಳೆ ಬಂದು ನೆಲವನ್ನು ತಣಿಸಿದರೆ, ಇಲ್ಲಿಯ ಮಳೆಯ ಬಹುಭಾಗವು ಅಕ್ಟೋಬರದಿಂದ ಡಿಸೆಂಬರದವರೆಗೆ ಸುರಿದು ಮುಗಿದಿರುತ್ತದೆ. ಆದಕಾರಣ ಇಲ್ಲಿಯ ವಸಂತದಲ್ಲಿ ಬಿತ್ತುವವನು, ಏಪ್ರಿಲ್ ಕೊನೆಯ ವಾರದಲ್ಲಿ ನೆತ್ತಿಯ ಮೇಲೆಯೇ ನಿಲ್ಲುವ ಸೂರ್ಯನನ್ನೂ, ಅನಂತರ ಮೇ ತಿಂಗಳಿನಲ್ಲಿ ಬರುವ, ‘ಕತ್ತಿರಿ’ಯೆಂಬ ಕಡುಬಿಸಿಲನ್ನೂ ಮುಂಚಿತವಾಗಿ ಲೆಕ್ಕಕ್ಕೆ ತಂದುಕೊಂಡೇ ಬೀಜವನ್ನು ಆರಿಸಬೇಕು.

ಈ ಮೇಜಿನ ಮೇಲೆ ಕಂಗೊಳಿಸುತ್ತಿರುವ ಟೊಮೆಟೊ ಹಣ್ಣುಗಳು ಮಳೆಗಾಲ ಮುಗಿದ ಬಳಿಕ ನೆಟ್ಟ ಗಿಡಗಳವು. ಇವುಗಳನ್ನು ಕಂಡು ಮರುಳಾಗಿ ಈಗ ಟೊಮೆಟೊ ಸಸಿಯನ್ನು ನೆಟ್ಟರೆ ಗಿಡವೇನೋ ಬೆಳೆದೀತು, ಹೂವೂ ಬಿಟ್ಟೀತು. ಆದರೆ ಹಗಲಿನ ಉಷ್ಣತೆ 35 ಡಿಗ್ರಿಯನ್ನೂ ಇರುಳಿನದು 25 ಡಿಗ್ರಿಯನ್ನೂ ಮೀರಿದಲ್ಲಿ ಪರಾಗವು ಶಕ್ತಿಗುಂದಿ, ಹೂವು ಕಾಯಿಗಟ್ಟದೆ ಉದುರುತ್ತದೆ. ಇದೇ ನಗರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನು ಓದಿದವರಿಗೆ, ನಮ್ಮ ಅಡುಗೆಮನೆಯ ಎಷ್ಟೊಂದು ಸಸ್ಯಗಳು ದೂರದೇಶದಿಂದ ಬಂದ ಅತಿಥಿಗಳೆಂಬುದು ತಿಳಿದಿದೆ; ಆಂಡೀಸ್ ಪರ್ವತಗಳ ಸೀಮೆಯ ಈ ಅತಿಥಿಗೆ ಮದರಾಸಿನ ಮೇ ತಿಂಗಳನ್ನು ಸಹಿಸೆಂದು ಹೇಳುವುದು ನ್ಯಾಯವಲ್ಲ.

ಇದಕ್ಕೆ ಬದಲಾಗಿ ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ದಂಟು, ಬಸಳೆಗಳನ್ನು ಕರೆಯಿರಿ. ಇವು ಬಿಸಿಲನ್ನು ಬಯಸಿ ಬರುವ ಬಂಧುಗಳು. ಬೆಂಡೆಯ ಬೀಜವನ್ನು ಒಂದು ರಾತ್ರಿ ನೆನೆಸಿ, ಕಿತ್ತುನೆಟ್ಟರೆ ಅದರ ತಾಯಿಬೇರು ನೋಯುವುದರಿಂದ ನೇರವಾಗಿ ಪಾತಿಯಲ್ಲಿಯೇ ಊರಿದರೆ, ಐವತ್ತು ದಿನಗಳೊಳಗಾಗಿ, ಎಂದರೆ ಕತ್ತಿರಿಯ ನಡುವೆಯೇ, ಎಳೆಗಾಯಿ ಕೈಗೆ ಬರುತ್ತದೆ. ಬೇಸಗೆಯಲ್ಲಿ ಬಿಳಿನೊಣ ಹರಡುವ ಹಳದಿ ನಂಜುರೋಗವು ಬೆಂಡೆಯ ಪರಮಶತ್ರು. ಅದನ್ನು ತಡೆಯುವ ಗುಣಕ್ಕಾಗಿಯೇ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ಅರ್ಕ ಅನಾಮಿಕ ತಳಿಯನ್ನು ತವರಿನಿಂದ ಧಾರಾಳವಾಗಿ ತರಿಸಿಕೊಳ್ಳಬಹುದು. ದಂಟಿನ ಸೊಪ್ಪಂತೂ ತಿಂಗಳೊಪ್ಪತ್ತಿನಲ್ಲಿಯೇ ಸಾರಿಗೆ ಒದಗುತ್ತದೆ. ಕುಂಡವೊಂದನ್ನು ಮಾತ್ರ ಇಡಬಲ್ಲವರಿಗೆ ನಾನು ಮೊದಲು ಹೇಳುವುದು ಅದನ್ನೇ.

ನೀರಿನ ವಿಷಯವನ್ನು ಇಲ್ಲಿ ಲಘುವಾಗಿ ಆಡುವಂತಿಲ್ಲ. 2019ರ ಬೇಸಗೆಯಲ್ಲಿ ಪುಳಲ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿ, ಕೊಡಗಳು ಸಾಲುಗಟ್ಟಿದುದನ್ನು ತಾವೆಲ್ಲ ಕಂಡವರು. ಅಕ್ಕಿ, ತರಕಾರಿ ತೊಳೆದ ನೀರನ್ನು ಪಾತಿಗೆ ತಿರುಗಿಸುವುದೂ, ಸೂರ್ಯೋದಯಕ್ಕೆ ಮುನ್ನ ಬುಡಕ್ಕೆ ಮಾತ್ರ ನೀರೆರೆಯುವುದೂ, ತರಗೆಲೆಯನ್ನು ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿ ಮಣ್ಣಿನ ತೇವವನ್ನು ಕಾಯುವುದೂ ಈ ಊರಿನ ತೋಟಗಾರನಿಗೆ ಗೊಬ್ಬರಕ್ಕಿಂತ ಮೊದಲಿನ ಕರ್ತವ್ಯಗಳು. ತಾರಸಿಯ ಕಾಂಕ್ರೀಟು ಬಿಸಿಯನ್ನು ಇರುಳಿನಲ್ಲಿಯೂ ಬಿಡದುದರಿಂದ ಕುಂಡಗಳನ್ನು ಇಟ್ಟಿಗೆಗಳ ಮೇಲೆ ಎತ್ತಿಡಿರಿ. ಎಳೆಯ ಸಸಿಗಳಿಗೆ ಪಡುವಣ ಬಿಸಿಲು ತಾಗದಂತೆ ತೆಂಗಿನ ಗರಿಯಿಂದ ಮರೆಮಾಡಿರಿ. ಬದನೆ, ಮೆಣಸು ನೆಡುವ ಆಸೆಯುಳ್ಳವರು ತಮಿಳರ ಆಡಿ ಮಾಸದವರೆಗೆ ತಡೆದಿದ್ದು, ಈ ನಾಡಿನ ರೈತರು ಬಿತ್ತನೆಗೆ ತೊಡಗುವ ಕಾಲದಲ್ಲಿ ಅವರ ಜೊತೆಯಲ್ಲಿಯೇ ತೊಡಗಲಿ.

ದ್ವಾರದ ಬಳಿ ದಂಟು, ಬೆಂಡೆ, ಗೋರಿಕಾಯಿಗಳ ಬೀಜಗಳನ್ನು ಇರಿಸಿದ್ದಾರೆ. ಯಾರೂ ಬರಿಗೈಯಲ್ಲಿ ಹಿಂತಿರುಗಬೇಡಿರೆಂದು ಪ್ರಾರ್ಥಿಸುತ್ತ, ಈ ಪ್ರದರ್ಶನವು ಪ್ರಾರಂಭವಾಯಿತೆಂದು ಸಂತೋಷದಿಂದ ಸಾರುತ್ತೇನೆ.