ಎಡ ಬಲ ಬಿಟ್ಟವರು ದಾರಿ ಕಂಡಾರೆ?



ವಿಜಯನಗರದ ಬಸ್ ನಿಲ್ದಾಣದಲ್ಲಿ ನಿಂತವರೊಬ್ಬರನ್ನು ‘ಮೂಡಲಪಾಳ್ಯಕ್ಕೆ ಹೇಗೆ ಹೋಗಬೇಕು?’ ಎಂದು ಕೇಳಿ ನೋಡಿ. ಬರುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: ‘ಸ್ಟ್ರೈಟ್ ಹೋಗಿ, ಲೆಫ್ಟ್ ತಗೊಳ್ಳಿ, ಆಮೇಲೆ ರೈಟ್ ತಗೊಂಡ್ರೆ ಅಲ್ಲೇ ಟೆಂಪಲ್ ಆಪೋಸಿಟ್.’ ಕೇಳಿದವರು ಕನ್ನಡಿಗರು, ಹೇಳಿದವರೂ ಕನ್ನಡಿಗರು. ಈ ಉತ್ತರದಲ್ಲಿ ಕನ್ನಡವಾಗಿ ಉಳಿದದ್ದೇನು? ಹೋಗಿ, ತಗೊಳ್ಳಿ, ಆಮೇಲೆ, ಅಲ್ಲೇ. ದಾರಿ ತೋರಬೇಕಾದ ಮಾತುಗಳೆಲ್ಲ ಇಂಗ್ಲಿಷಿನವು. ಕನ್ನಡ ಬರೀ ಹಿಂದೆ ಹಿಂದೆ ನಡೆದು ಬಂದಿದೆ.

‘ಇದೇನು ದೊಡ್ಡ ವಿಷಯ, ಭಾಷೆ ಎಂದ ಮೇಲೆ ಪರಭಾಷೆಯ ಪದ ಬರುವುದಿಲ್ಲವೆ?’ ಎಂದು ನೀವು ಕೇಳಬಹುದು. ಬರುತ್ತವೆ, ಬರಲಿ. ಬಸ್ಸು ಬಂತು. ನಾವು ಅದನ್ನು ಬಸ್ಸಿನಲ್ಲಿ, ಬಸ್ಸಿಗೆ, ಬಸ್ಸಿನಿಂದ, ಬಸ್ಸಿನ ಹಿಂದೆ ಎಂದು ಕನ್ನಡ ಮಾಡಿಕೊಂಡೆವು. ಮೇಜು, ಕುರ್ಚಿ, ರೈಲು ಎಲ್ಲವೂ ಹೀಗೆಯೇ ಒಳಗಾದವು. ವಸ್ತು ಹೊಸದು, ಹೆಸರು ಹೊಸದು, ಆದರೆ ಅದು ಎಲ್ಲಿದೆ ಎಂದು ಹೇಳುವ ಕೀಲು ನಮ್ಮದು. ಆ ಕೀಲು ಗಟ್ಟಿಯಾಗಿರುವ ತನಕ ಎಷ್ಟು ಪದ ಬಂದರೂ ಕನ್ನಡ ಅರಗಿಸಿಕೊಳ್ಳುತ್ತದೆ. ಈಗ ಹೋಗುತ್ತಿರುವುದು ಆ ಕೀಲು. ಎಡ, ಬಲ, ಎದುರು, ಹಿಂದೆ ಇವು ನಾವು ಹೆಸರಿಲ್ಲದೆ ಸಾಲ ತಂದ ವಸ್ತುಗಳಲ್ಲ. ಇವು ಹುಟ್ಟಿನಿಂದ ನಮ್ಮ ಮನೆಯಲ್ಲೇ ಇದ್ದವು.

ಕನ್ನಡ ನೆಲೆಯನ್ನು ಹೇಳುವ ಬಗೆಯನ್ನು ಸ್ವಲ್ಪ ನೋಡೋಣ. ಹಳಗನ್ನಡದಲ್ಲಿ ಸಪ್ತಮಿಗೆ ‘ಒಳ್’ ಎಂಬ ಪ್ರತ್ಯಯ. ಮರದೊಳ್, ಮನೆಯೊಳ್. ಇಂದು ನಾವು ಮರದಲ್ಲಿ, ಮನೆಯಲ್ಲಿ ಎನ್ನುತ್ತೇವೆ. ಹಳೆಯ ‘ಒಳ್’ ಸತ್ತಿಲ್ಲ, ‘ಒಳಗೆ’ ಎಂಬ ಮಾತಿನಲ್ಲಿ ಜೀವಂತವಾಗಿದೆ. ಇನ್ನು ಸೇರುವುದಕ್ಕೆ ‘ಗೆ, ಕ್ಕೆ’, ಬಿಟ್ಟು ಬರುವುದಕ್ಕೆ ‘ಇಂದ’. ಕೆಂಗೇರಿಯಲ್ಲಿ, ಕೆಂಗೇರಿಗೆ, ಕೆಂಗೇರಿಯಿಂದ. ಬರೀ ಮೂರು ಬಾಲಗಳಲ್ಲಿ ಇರುವುದು, ಹೋಗುವುದು, ಬರುವುದು ಮೂರೂ ಮುಗಿದವು.

ಆಮೇಲೆ ತೋರು ಬೆರಳಿನ ಅಕ್ಷರಗಳು. ‘ಇ’ ಹತ್ತಿರಕ್ಕೆ, ‘ಅ’ ದೂರಕ್ಕೆ, ‘ಎ’ ಪ್ರಶ್ನೆಗೆ. ಇಲ್ಲಿ, ಅಲ್ಲಿ, ಎಲ್ಲಿ. ಇತ್ತ, ಅತ್ತ, ಎತ್ತ. ಈಚೆ, ಆಚೆ. ಮೂರು ಸ್ವರ ಕಲಿತ ಮಗುವಿಗೆ ಇಷ್ಟೂ ಪದ ಕೈಗೆ ಬರುತ್ತವೆ. ಹಳಗನ್ನಡದಲ್ಲಿ ನಾಲ್ಕನೆಯದೊಂದು ಇತ್ತು. ತೀರ ಹತ್ತಿರವೂ ಅಲ್ಲ, ತೀರ ದೂರವೂ ಅಲ್ಲ ಎಂಬ ನಡುವಿನ ಜಾಗಕ್ಕೆ ‘ಉ’. ಇವನು, ಅವನು ಇದ್ದಂತೆ ಉವನು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಹೇಳಿದ್ದಾನೆ. ಇಂದು ಆ ‘ಉ’ ನಮ್ಮ ಬಾಯಲ್ಲಿ ಇಲ್ಲ. ಯಾರೂ ಅದನ್ನು ನಿಷೇಧಿಸಲಿಲ್ಲ. ಆಡುವುದನ್ನು ಬಿಟ್ಟರು, ಅದು ಹೋಯಿತು. ನುಡಿಯ ಕೀಲುಗಳು ಹೋಗುವುದು ಹೀಗೆಯೇ, ಸದ್ದಿಲ್ಲದೆ.

ಉಳಿದಿರುವುದರ ಸೂಕ್ಷ್ಮ ಗಮನಿಸಿ. ‘ಮರದಲ್ಲಿ ಹಣ್ಣಿದೆ’ ಎನ್ನುತ್ತೇವೆ, ‘ಮರದ ಮೇಲೆ ಹಕ್ಕಿ ಕೂತಿದೆ’ ಎನ್ನುತ್ತೇವೆ. ಹಣ್ಣು ಮರದ್ದು, ಹಕ್ಕಿ ಬಂದು ಕೂತದ್ದು. ‘ಅಂಗಡಿ ಮುಂದೆ ನಿಂತಿರು’ ಎಂದರೆ ಬಾಗಿಲ ಬಳಿ. ‘ಅಂಗಡಿ ಎದುರು’ ಎಂದರೆ ಬಹುಮಟ್ಟಿಗೆ ರಸ್ತೆಯಾಚೆ, ಮುಖಾಮುಖಿ. ಪಕ್ಕ, ಮಗ್ಗುಲು, ಬದಿ, ಅಂಚು, ತುದಿ, ಬುಡ, ನಡು, ಮೂಲೆ ಇವುಗಳಲ್ಲಿ ಒಂದು ಇನ್ನೊಂದಲ್ಲ. ನಮ್ಮ ಕಾಲದ ಲೆಕ್ಕವೂ ಈ ಜಾಗದ ಪದಗಳಿಂದಲೇ. ಹಿಂದಿನ ವರ್ಷ, ಮುಂದಿನ ವಾರ, ಊಟವಾದ ಮೇಲೆ, ಸಂಜೆಯೊಳಗೆ. ಕೊನೆಗೆ ಜೇಬಿನ ದುಡ್ಡು ಕೂಡ ‘ನನ್ನ ಹತ್ತಿರ’ ಇರುತ್ತದೆ. ಜಾಗದ ಪದ ಕಳೆದುಕೊಂಡವನು ಕಾಲದ ಪದವನ್ನೂ ಕೈಬಿಡುವ ದಿನ ದೂರವಿಲ್ಲ.

ಎಡಬಲ ನಮ್ಮ ಮೈಯಿಂದ ಹುಟ್ಟಿದ ಅಳತೆ. ತಿರುಗಿ ನಿಂತರೆ ಎಡ ಹೋಗಿ ಬಲವಾಗುತ್ತದೆ. ನೆಲದಿಂದ ಹುಟ್ಟಿದ ಅಳತೆ ಬೇರೆ ಇದೆ. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ, ಅಂದರೆ ಮುಳುಗುವ ಕಡೆ, ಪಡುವಣ. ಇನ್ನೆರಡು ಬಡಗಣ, ತೆಂಕಣ. ಹೊಲಗದ್ದೆಯ ಎಲ್ಲೆ ಹೇಳುವ ನಮ್ಮ ಶಾಸನಗಳಲ್ಲಿ ಈ ಪದಗಳಿವೆ. ಕರಾವಳಿಯಲ್ಲಿ ಮೂಡಬಿದಿರೆ, ಪಡುಬಿದಿರೆ ಇವೆ, ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಇವೆ. ನಿಮ್ಮ ನಿವೇಶನದ ಕ್ರಯಪತ್ರ ತೆಗೆದು ನೋಡಿ. ಚಕ್ಕುಬಂದಿಯಲ್ಲಿ ನಾಲ್ಕೂ ದಿಕ್ಕು ಬರೆದಿರುತ್ತಾರೆ, ಎಡಬಲ ಬರೆದಿರುವುದಿಲ್ಲ. ಆಸ್ತಿಯ ವಿಷಯ ಬಂದಾಗ ತಿರುಗಿ ನಿಂತರೂ ಬದಲಾಗದ ಮಾತೇ ಬೇಕು.

ನಮ್ಮ ಮೂಡಲಪಾಳ್ಯವನ್ನೇ ತೆಗೆದುಕೊಳ್ಳಿ. ಬೆಂಗಳೂರು ಪೇಟೆಯಿಂದ ನೋಡಿದರೆ ಅದು ಪಡುವಣಕ್ಕಿದೆ. ಹೆಸರು ಹೇಳುವಂತೆ ಅದು ಮೂಡಲ ಕಡೆಯ ಪಾಳ್ಯವಾದರೆ, ಹೆಸರಿಟ್ಟವರು ಪೇಟೆಯಲ್ಲಿ ನಿಂತು ನೋಡಿದವರಲ್ಲ, ಇನ್ನೂ ಪಡುವಣಕ್ಕೆ, ತಮ್ಮ ನೆಲದ ಮೇಲೆ ನಿಂತು ನೋಡಿದವರು. ಪೇಟೆಯ ಕೋಟೆಗೆ ಕೆಂಗೇರಿ ಬಾಗಿಲು ಎಂಬ ಬಾಗಿಲಿತ್ತು. ಬಾಗಿಲು ಪೇಟೆಯದು, ಹೆಸರು ಅದರಾಚೆಯ ದಾರಿ ಮುಟ್ಟುವ ಊರಿನದು. ಮಾಗಡಿ ರಸ್ತೆ, ಮೈಸೂರು ರಸ್ತೆ ಎನ್ನುವಾಗ ನಾವು ಇಂದಿಗೂ ಮಾಡುವುದು ಅದನ್ನೇ.

ಇನ್ನೊಂದು ಮಾತು, ಕ್ರಮದ ಬಗ್ಗೆ. ಬಸವೇಶ್ವರನಗರದ ಕಡೆಯವರು ವಿಳಾಸದಲ್ಲಿ ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ಹೇಳಿದರೆ ‘ಕಾರ್ಡ್ ರಸ್ತೆಯ ಪಡುವಣ’. ಕನ್ನಡ ಮೊದಲು ಗುರುತು ಕೊಡುತ್ತದೆ, ಆಮೇಲೆ ಅದರ ಯಾವ ಮಗ್ಗುಲು ಎಂದು ಹೇಳುತ್ತದೆ. ‘ರಾಜಾಜಿನಗರದ ಒಂದನೇ ಬ್ಲಾಕಿನ ಮುಖ್ಯರಸ್ತೆಯ ಎರಡನೇ ಅಡ್ಡರಸ್ತೆಯ ಮೂಲೆ ಮನೆ’ ಎಂದಾಗ ಕೇಳುವವನು ಮಾತಿನ ಜೊತೆಗೇ ನಡೆದು ಮನೆ ಬಾಗಿಲಿಗೆ ಬಂದಿರುತ್ತಾನೆ. ಇಂಗ್ಲಿಷಿನ ವಿಳಾಸ ಬಾಗಿಲಿನಿಂದ ಹೊರಟು ಊರಿಗೆ ಹೋಗುತ್ತದೆ. ಎರಡೂ ಸರಿ, ಆದರೆ ನಮ್ಮ ನಡಿಗೆ ನಮಗೆ ಮರೆಯಬಾರದು.

ಬೇರೆಯವರ ಕಡೆಗೂ ನೋಡೋಣ. ಎರಿಕ್ ಪೀಡರ್ಸನ್ ಎಂಬ ಭಾಷಾವಿಜ್ಞಾನಿ ೧೯೯೦ರ ದಶಕದಲ್ಲಿ ತಮಿಳುನಾಡಿನಲ್ಲಿ ಅಧ್ಯಯನ ಮಾಡಿದರು. ಹಳ್ಳಿಯ ಜನ ಕಣ್ಣೆದುರಿನ ಪುಟ್ಟ ವಸ್ತುಗಳ ಜಾಗವನ್ನೂ ದಿಕ್ಕಿನಿಂದ ಹೇಳುತ್ತಿದ್ದರು, ಪೇಟೆಯ ಜನ ಎಡಬಲದಿಂದ ಹೇಳುತ್ತಿದ್ದರು. ಇಬ್ಬರಾಡಿದ್ದೂ ತಮಿಳೇ. ಹಾಗಾಗಿ ಮಾಗಡಿ ಸೀಮೆಯ ಅಜ್ಜ ‘ಮೂಡ್ಲ ಕಡೆ’ ಎಂದದ್ದು ವಿಜಯನಗರದ ಮೊಮ್ಮಗನ ಬಾಯಲ್ಲಿ ‘ಎಡಗಡೆ’ ಆದರೆ ನಾನು ಕೊರಗುವುದಿಲ್ಲ. ಅದು ನುಡಿಯ ಒಳಗಿನ ಬದಲಾವಣೆ. ‘ಎಡಗಡೆ’ಯೂ ಹೋಗಿ ‘ಲೆಫ್ಟ್ ಸೈಡ್’ ಆದರೆ ಅದು ಮನೆ ಬಿಟ್ಟು ಹೊರಟಂತೆ.

ಕಪ್ಪು ಸಮುದ್ರದ ದಂಡೆಯಲ್ಲಿ, ತುರ್ಕಿ ಮತ್ತು ಜಾರ್ಜಿಯಾ ದೇಶಗಳಲ್ಲಿ, ಲಾಜ್ ಎಂಬ ನುಡಿಯಿದೆ. ಮೇಲಕ್ಕೆ, ಕೆಳಕ್ಕೆ, ಒಳಕ್ಕೆ, ಹೊರಕ್ಕೆ ಎಂಬುದನ್ನು ಅದು ಕ್ರಿಯಾಪದದ ತಲೆಗೆ ಸಣ್ಣ ತುಣುಕು ಸೇರಿಸಿ ಹೇಳುತ್ತದೆ. ನೇರ ನಡೆದು ಒಳಹೋಗುವುದಕ್ಕೆ ಒಂದು ತುಣುಕು, ಕೆಳಗಿಳಿದು ಒಳಹೋಗುವುದಕ್ಕೆ ಇನ್ನೊಂದು. ಇಷ್ಟು ನಯವಾದ ನುಡಿಯನ್ನು ಯುನೆಸ್ಕೊ ಅಳಿವಿನ ಅಂಚಿನ ನುಡಿಗಳ ಪಟ್ಟಿಯಲ್ಲಿ ಸೇರಿಸಿದೆ. ಕೋಟಿಗಟ್ಟಲೆ ಜನ ಆಡುವ ಕನ್ನಡಕ್ಕೆ ಆ ಗತಿ ಬಂದಿಲ್ಲ. ಆದರೆ ವ್ಯಾಕರಣ ಎಷ್ಟೇ ನಯವಾಗಿರಲಿ, ಅದು ತನ್ನನ್ನು ತಾನೇ ಕಾಪಾಡಿಕೊಳ್ಳಲಾರದು ಎಂಬ ಪಾಠ ಅಲ್ಲಿದೆ.

ಈಗ ನಮ್ಮ ಬೀದಿಗೆ ಬನ್ನಿ. ೨೦೨೪ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಗಿ ನಾಮಫಲಕಗಳಲ್ಲಿ ಶೇಕಡ ೬೦ ಕನ್ನಡ ಕಡ್ಡಾಯವಾಯಿತು. ಒಳ್ಳೆಯದು. ಆದರೆ ಫಲಕದಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ‘ನಿಯರ್ ವಾಟರ್ ಟ್ಯಾಂಕ್, ಬಿಹೈಂಡ್ ಬಸ್ ಸ್ಟಾಪ್’ ಎಂದು ಬರೆದರೆ ಕನ್ನಡವಾಯಿತೆ? ಅಳತೆಪಟ್ಟಿ ಹಿಡಿದವರಿಗೆ ಲೆಕ್ಕ ಸರಿಹೋಗುತ್ತದೆ. ಲಿಪಿ ನಮ್ಮದು, ನುಡಿ ನಮ್ಮದಲ್ಲ. ‘ನೀರಿನ ಟ್ಯಾಂಕಿನ ಹತ್ತಿರ, ಬಸ್ ನಿಲ್ದಾಣದ ಹಿಂದೆ’ ಎಂದು ಬರೆಸಲು ಒಂದು ಪೈಸೆ ಹೆಚ್ಚು ಬೇಕಿಲ್ಲ. ಟ್ಯಾಂಕು, ಬಸ್ಸು ಇರಲಿ. ಹತ್ತಿರ, ಹಿಂದೆ ನಮ್ಮವಾಗಿರಲಿ.

ಬೇರೆ ರಾಜ್ಯದಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ದೂರುತ್ತೇವೆ. ಹೊಸ ಊರಿಗೆ ಬಂದವನಿಗೆ ಮೊದಲ ದಿನ ಬೇಕಾದ ಮಾತು ದಾರಿಯದು. ಆ ಹೊತ್ತಿನಲ್ಲಿ ನಾವು ಅವನಿಗೆ ಕೊಡುವುದು ‘ಲೆಫ್ಟ್, ರೈಟ್’. ಅವನು ಕಲಿಯುವುದೆಲ್ಲಿಂದ? ಆಟೊ ಓಡಿಸುವ ಅಣ್ಣಂದಿರೆ, ಈ ನಗರದ ಮೊದಲ ಕನ್ನಡ ಮೇಷ್ಟರು ನೀವು. ಇಲ್ಲಿ, ಅಲ್ಲಿ, ಎಡಕ್ಕೆ, ಬಲಕ್ಕೆ, ನೇರ, ಮುಂದೆ, ಹಿಂದೆ, ಪಕ್ಕ, ಎದುರು, ಮೂಲೆ. ಹತ್ತೇ ಪದ. ಕೈ ತೋರಿಸಿ ಹೇಳಿದರೆ ಪಾಠಕ್ಕೆ ಪುಸ್ತಕವೂ ಬೇಡ.

ತಾಯಂದಿರೆ, ಮಗು ಬೂಟು ಹಾಕಿಕೊಳ್ಳುವಾಗ ಎಡಗಾಲು, ಬಲಗಾಲು ಎಂದು ಹೇಳಿಕೊಡಿ. ಮಾಳಿಗೆಯ ಮೇಲೆ ನಿಲ್ಲಿಸಿ ಮೂಡಣ ಯಾವುದು, ಪಡುವಣ ಯಾವುದು ಎಂದು ತೋರಿಸಿ. ಮದುವೆಯ ಕರೆಯೋಲೆ ಅಚ್ಚು ಹಾಕಿಸುವವರು ವಿಳಾಸದ ಸಾಲನ್ನು ಒಮ್ಮೆ ಓದಿ ನೋಡಿ.

ಇದಕ್ಕೆ ಆಯೋಗ ಬೇಡ, ಅನುದಾನ ಬೇಡ. ನಾಳೆ ಬೆಳಗ್ಗೆ ಯಾರಾದರೂ ನಿಮ್ಮನ್ನು ದಾರಿ ಕೇಳುತ್ತಾರೆ. ಕನ್ನಡದಲ್ಲಿ ಹೇಳಿ. ಅವರು ಹೋಗಬೇಕಾದಲ್ಲಿಗೆ ಹೋಗುತ್ತಾರೆ, ಕನ್ನಡ ಇರಬೇಕಾದಲ್ಲಿ ಇರುತ್ತದೆ.