ಹಕ್ಕಿಯ ಕುಲ, ಕಲ್ಲಿನ ಸಾಕ್ಷಿ



ಅಂಗಳದಲ್ಲಿ ಕಾಳು ಹೆಕ್ಕುವ ಕೋಳಿ, ಕೆರೆಯಲ್ಲಿ ತೇಲುವ ಬಾತು – ಇವುಗಳ ಕುಲ ಎಷ್ಟು ಪ್ರಾಚೀನವಾದುದು? ಪ್ರಶ್ನೆ ಸರಳ. ಆದರೆ ಹಕ್ಕಿಗೆ ಎರಡು ರೆಕ್ಕೆಗಳಿರುವಂತೆ ಈ ವಾದಕ್ಕೂ ಎರಡು ಪಕ್ಷಗಳಿವೆ.

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಇಂದಿನ ಮೆಕ್ಸಿಕೋದ ಯುಕಟಾನ್ ಪ್ರದೇಶಕ್ಕೆ ಕ್ಷುದ್ರಗ್ರಹವೊಂದು ಬಂದು ಅಪ್ಪಳಿಸಿತು. ದೈತ್ಯ ಡೈನೋಸಾರ್‌ಗಳು ಅಳಿದವು. ಹಲ್ಲುಳ್ಳ ಪುರಾತನ ಹಕ್ಕಿಗಳೂ ಅಳಿದವು. ಆಧುನಿಕ ಪಕ್ಷಿಗಳು ಕವಲೊಡೆದದ್ದು ಆ ಪ್ರಳಯದ ಬಳಿಕವೇ ಎಂಬುದು ಒಂದು ಪಕ್ಷ. ಅದಕ್ಕೂ ಹಿಂದಿನ ಶಿಲೆಗಳಲ್ಲಿ ಅವುಗಳ ಎಲುಬುಗಳು ತೀರ ವಿರಳವೆಂಬುದೇ ಅದರ ಆಧಾರ. 1990ರ ದಶಕದಲ್ಲಿ ಜೀವಂತ ಹಕ್ಕಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದವರು, ಕವಲುಗಳು ಪ್ರಳಯಕ್ಕೆ ಬಹು ಮುಂಚೆಯೇ ಒಡೆದಿದ್ದವು ಎಂದರು. ಹಾಗಿದ್ದರೆ ಎಲುಬುಗಳೆಲ್ಲಿ?

ನಾನು ವಿಜ್ಞಾನಿಯಲ್ಲ, ಓಲೆಗರಿಗಳೊಡನೆ ಬಾಳಿದವನು. ಪ್ರತಿ ಸಿಗಲಿಲ್ಲವೆಂದು ಕಾವ್ಯವೇ ಇರಲಿಲ್ಲವೆನ್ನಲಾಗದು. ಇದ್ದಿರಬೇಕೆಂಬ ಊಹೆ ಪ್ರತಿಯ ಸ್ಥಾನಕ್ಕೆ ಬಾರದು. ಇಲ್ಲಿಯೂ ಅದೇ ನ್ಯಾಯ.

1992ರಲ್ಲಿ ಅಂಟಾರ್ಕ್ಟಿಕದ ವೇಗಾ ದ್ವೀಪದಲ್ಲಿ ಹಕ್ಕಿಯೊಂದರ ಪಳೆಯುಳಿಕೆ ದೊರೆಯಿತು. 2005ರಲ್ಲಿ ಜೂಲಿಯಾ ಕ್ಲಾರ್ಕ್ ಮತ್ತು ಸಂಗಡಿಗರು ಅದಕ್ಕೆ 'ವೇಗಾವಿಸ್' ಎಂದು ಹೆಸರಿಟ್ಟು, ಬಾತುಗಳ ಬಂಧುವೆಂದು ಸಾರಿದರು. ತಲೆಬುರುಡೆಯೇ ಇಲ್ಲದ ಹಕ್ಕಿಯ ಗೋತ್ರವನ್ನು ಹೇಗೆ ನಿರ್ಣಯಿಸುವುದೆಂದು ಹಲವರು ಸಂದೇಹಪಟ್ಟರು. 2020ರಲ್ಲಿ ಬೆಲ್ಜಿಯಂನ ಶಿಲೆಯಲ್ಲಿ ಹುದುಗಿದ್ದ 'ಆಸ್ಟೀರಿಯೋರ್ನಿಸ್' ಬೆಳಕಿಗೆ ಬಂತು. ಪ್ರಳಯಕ್ಕೆ ಹತ್ತು ಲಕ್ಷ ವರ್ಷಗಳೊಳಗಿನ ಆ ಹಕ್ಕಿಯ ತಲೆಬುರುಡೆಯಲ್ಲಿ ಕೋಳಿಯ ಲಕ್ಷಣವೂ ಬಾತಿನ ಲಕ್ಷಣವೂ ಬೆರೆತಿದ್ದವು. 2025ರಲ್ಲಿ ವೇಗಾವಿಸ್‌ನ ತಲೆಬುರುಡೆಯ ವರ್ಣನೆಯೇ ಪ್ರಕಟವಾಯಿತು. ಪ್ರಾಯ ಸುಮಾರು 6 ಕೋಟಿ 90 ಲಕ್ಷ ವರ್ಷ. ಹಲ್ಲಿಲ್ಲದ ಕೊಕ್ಕು, ಆಧುನಿಕ ಹಕ್ಕಿಗಳದನ್ನು ಹೋಲುವ ಮೆದುಳಿನ ಆಕಾರ. ವರ್ಣಿಸಿದವರ ನಿರ್ಣಯ ಬಾತಿನ ಬಳಗದ ಕಡೆಗೇ ಇದೆ. ಆದರೆ ಕೊಕ್ಕು ಬಾತಿನದಲ್ಲ. ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ಹಕ್ಕಿಗಳದರಂತೆ ನೀಳ, ಚೂಪು. ಆದ್ದರಿಂದ ಶಂಕೆಗೆ ಇನ್ನೂ ಎಡೆಯುಂಟು.

ಪ್ರಳಯಕ್ಕೆ ಮುನ್ನ ಕೆಲವು ಕವಲುಗಳಾದರೂ ಇದ್ದವು. ಹಕ್ಕಿಗಳ ಈ ವೈವಿಧ್ಯ ಬಹುಮಟ್ಟಿಗೆ ಅರಳಿದ್ದು ಅನಂತರ. ಎರಡೂ ಪಕ್ಷಗಳು ಒಂದಿಷ್ಟು ಬಿಟ್ಟುಕೊಟ್ಟಾಗ ದೊರೆಯುವ ತಿಳಿವು ಇದು. ಕಲ್ಲು ತಾನಾಗಿ ಮಾತನಾಡುವುದಿಲ್ಲ. ತನ್ನ ಮಾತನ್ನು ತಿದ್ದಿಕೊಳ್ಳಲು ಸಿದ್ಧನಾದವನಿಗೆ ಮಾತ್ರ ಅದು ಕೊಂಚ ಕೊಂಚವಾಗಿ ಕೇಳಿಸುತ್ತದೆ. ನಾಳೆ ಬೆಳಗ್ಗೆ ಕೋಳಿ ಕೂಗಿದಾಗ ಆ ದನಿಯ ಹಿಂದಿನ ಕಾಲದ ಆಳವನ್ನು ಒಮ್ಮೆ ನೆನೆಯೋಣ.