ಇಪ್ಪತ್ತು ಕಾವಲಾಳು, ಒಂದಿಷ್ಟು ಸುಣ್ಣ



ಬೇಗೂರಿನ ನಾಗೇಶ್ವರ ಗುಡಿಗೆ ಬರುವವರು ಹೆಚ್ಚಾಗಿ ಹುಡುಕುವುದು ಒಂದು ವೀರಗಲ್ಲನ್ನು. ಸುಮಾರು ಕ್ರಿ.ಶ. 890ರ ಆ ಕಲ್ಲಿನಲ್ಲಿ ಬೆಂಗಳೂರಿನ ಹೆಸರಿದೆ. ಅದೇ ಬೇಗೂರಿನ ಇನ್ನೊಂದು ಶಾಸನದ ಕಡೆ ಕಣ್ಣು ಹಾಯಿಸುವವರು ಕಡಿಮೆ. ಗಂಗರ ಕಾಲದ ಅಧಿಕಾರಿ ನಾಗತ್ತರನ ಮಗಳು ತೊಂಡಬ್ಬೆ ಜೈನ ವಿಧಿಯಂತೆ ಸಮಾಧಿ ಮರಣ ಹೊಂದಿದ್ದನ್ನು ಅದು ಹೇಳುತ್ತದೆ. ಶಿವಾಲಯದ ಊರಿನಲ್ಲಿ ಜೈನ ವ್ರತ ಹಿಡಿದ ಮಗಳು. ಅವಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಲು ಯಾರೂ ಹಿಂಜರಿಯಲಿಲ್ಲ.

ಎರಡು ನಂಬಿಕೆಗಳು ಅಕ್ಕಪಕ್ಕ ಬಾಳುವುದು ನಮ್ಮ ನೆಲಕ್ಕೆ ಹೊಸದಲ್ಲ. ಒಂದರ ಕೈ ಮೇಲಾದಾಗ ಇನ್ನೊಂದರ ಗತಿಯೇನು? ಅದಕ್ಕೆ ಉತ್ತರ ಬೇಕಿದ್ದರೆ ಶ್ರವಣಬೆಳಗೊಳದ ಭಂಡಾರಿ ಬಸದಿಗೆ ಹೋಗಿ ಅಲ್ಲಿನ ಶಾಸನ ಓದಬೇಕು.

ಇಸವಿ 1368. ವಿಜಯನಗರದಲ್ಲಿ ಬುಕ್ಕರಾಯನ ಆಳ್ವಿಕೆ. ಭಕ್ತರು, ಅಂದರೆ ಶ್ರೀವೈಷ್ಣವರು, ತಮಗೆ ಅನ್ಯಾಯ ಮಾಡುತ್ತಿದ್ದಾರೆ ಎಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ದೂರು ತಂದರು. ಆ ಕಲ್ಲೆಹವೇ ಇಂದಿನ ಮಾಗಡಿ ತಾಲ್ಲೂಕಿನ ಕಲ್ಯ. ಮುಂದೆ ನಿಂತವನು ಅಲ್ಲಿನ ಬುಸುವಿ ಸೆಟ್ಟಿ. ರಾಯ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕರೆಸಿದ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರಷ್ಟೇ ಅಲ್ಲ, ತಿರುಕುಲದವರು, ಜಾಂಬವಕುಲದವರೂ ಆ ಸಭೆಯಲ್ಲಿದ್ದರು. ಎಲ್ಲರ ಕಣ್ಣೆದುರಿಗೆ ಬುಕ್ಕರಾಯ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ, ಹಿಂದಿನಂತೆಯೇ ಜೈನರಿಗೆ ಪಂಚಮಹಾವಾದ್ಯವೂ ಕಳಶವೂ ಸಲ್ಲುತ್ತವೆ, ಅವರಿಗಾದ ಹಾನಿ ನಿಮಗೇ ಆದ ಹಾನಿ ಎಂದ.

ಬರೀ ಮಾತಿಗೆ ನಿಲ್ಲಲಿಲ್ಲ ಆ ತೀರ್ಪು! ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ತಿರುಮಲೆಯ ಶ್ರೀವೈಷ್ಣವ ಗುರು ತಾತಯ್ಯ ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳುಗಳನ್ನು ನೇಮಿಸಬೇಕು. ಉಳಿದ ಹಣದಲ್ಲಿ ಪಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಕಾವಲಿನ ಖರ್ಚು ನೊಂದವರ ತಲೆಗೇ ಬಂತಲ್ಲ ಎಂಬ ಕೊರಗು ಈ ಶಾಸನ ಓದಿದಾಗಲೆಲ್ಲ ಕಾಡುತ್ತದೆ. ಆದರೂ ಹೊಣೆ ಬಿದ್ದದ್ದು ಬಲಾಢ್ಯರ ಗುರುವಿನ ಮೇಲೆ. ಕೊನೆಗೆ ಎರಡೂ ಸಮಯದವರು ಕೂಡಿ ಬುಸುವಿ ಸೆಟ್ಟಿಗೆ ಸಂಘನಾಯಕ ಪಟ್ಟ ಕಟ್ಟಿದರು. ದೂರು ಕೊಟ್ಟವನಿಗೆ ಎದುರು ಪಕ್ಷದವರೂ ಸೇರಿ ಮಾಡಿದ ಮರ್ಯಾದೆ ಅದು.

ಮುಂದಿನ ಆರು ಶತಮಾನಗಳನ್ನು ಬೇಗ ದಾಟೋಣ. 1950ರ ಸಂವಿಧಾನದ 29 ಮತ್ತು 30ನೇ ವಿಧಿಗಳು ಅಲ್ಪಸಂಖ್ಯಾತರ ಭಾಷೆ, ಸಂಸ್ಕೃತಿ, ಶಾಲೆಗಳಿಗೆ ರಕ್ಷೆ ಕೊಟ್ಟವು. 1956ರಲ್ಲಿ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠ ಸಿಗುವಂತೆ ರಾಜ್ಯಗಳು ಪ್ರಯತ್ನಿಸಬೇಕು ಎಂದಿತು. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿತು.

350ಎ ಬಂದ ಆ 1956ರಲ್ಲೇ, ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತು. ಮಂಜೇಶ್ವರದಲ್ಲಿ ಕೂತು ಬರೆದ ರಾಷ್ಟ್ರಕವಿ ಗೋವಿಂದ ಪೈಗಳ ಊರು ರಾತ್ರಿ ಬೆಳಗಾಗುವುದರೊಳಗೆ ಕನ್ನಡ ಅಲ್ಪಸಂಖ್ಯಾತರ ಊರಾಯಿತು. ಚಂದ್ರಗಿರಿ ಹೊಳೆಯ ಉತ್ತರಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ಕಡತದಲ್ಲೇ ಉಳಿಯಿತು. ಪೆರಡಾಲದ ಮೇಷ್ಟ್ರು, ಕವಿ ಕಯ್ಯಾರ ಕಿಞ್ಞಣ್ಣ ರೈ ಕಾಸರಗೋಡನ್ನು ಕನ್ನಡನಾಡಿಗೆ ಸೇರಿಸುವ ಹೋರಾಟವನ್ನೇ ಉಸಿರಾಗಿಸಿಕೊಂಡು ನೂರು ವರ್ಷ ಬಾಳಿ, 2015ರಲ್ಲಿ ತೀರಿಕೊಂಡರು. ಅಲ್ಲಿನ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ಮಕ್ಕಳೂ ಪೋಷಕರೂ ಪ್ರತಿಭಟನೆಗೆ ಕೂತದ್ದುಂಟು. ಶಾಲೆಯಿದೆ, ಪುಸ್ತಕವಿದೆ, ಮೇಷ್ಟ್ರ ಮಾತು ಮಾತ್ರ ಮಗುವಿಗೆ ತಿಳಿಯುವುದಿಲ್ಲ. ಬುಕ್ಕರಾಯನ ತೀರ್ಪಿನಲ್ಲಿದ್ದ ಇಪ್ಪತ್ತು ಆಳು, ಆ ಸುಣ್ಣ ನೆನಪಾಗುವುದು ಇಲ್ಲೇ. ಹಕ್ಕು ಬರೆದಿಟ್ಟಿದ್ದಾರೆ, ಕಾವಲಿಗೆ ಯಾರನ್ನೂ ನಿಲ್ಲಿಸಿಲ್ಲ.

2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ಲೆಕ್ಕ ಹಾಕಬೇಕು ಎಂದಿತು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಆ ಮೊಕದ್ದಮೆ ನಮ್ಮ ಕರ್ನಾಟಕದ್ದೇ. ಅದರಂತೆ ಕಾಸರಗೋಡಿನಲ್ಲಿ ಕನ್ನಡಿಗರು ಅಲ್ಪಸಂಖ್ಯಾತರಾದರೆ, ಬೇಗೂರಿನಲ್ಲಿ ಮಲಯಾಳಿಗಳು ಅಲ್ಪಸಂಖ್ಯಾತರು. ತಮಿಳರು, ತೆಲುಗರು, ಉರ್ದು ಮಾತಾಡುವವರೂ ಅಷ್ಟೇ. ಅಲ್ಲಿ ನಮ್ಮ ಮಕ್ಕಳಿಗೆ ಏನು ಕೇಳುತ್ತೇವೋ ಅದನ್ನು ಇಲ್ಲಿ ಅವರ ಮಕ್ಕಳಿಗೂ ಕೊಡಲೇಬೇಕು.

ಮುಂದಿನ ಸಲ ಗೊಮ್ಮಟನನ್ನು ನೋಡಿ ಬೆಟ್ಟ ಇಳಿದಾಗ ಬಸ್ಸಿಗೆ ಅವಸರ ಮಾಡಬೇಡಿ. ಭಂಡಾರಿ ಬಸದಿಗೆ ಹೋಗಿ, ಜೊತೆಗಿರುವ ಮಕ್ಕಳಿಗೆ ಆ ಶಾಸನ ತೋರಿಸಿ, ಬುಸುವಿ ಸೆಟ್ಟಿಯ ಕಥೆ ಹೇಳಿ.